ಅರ್ಧ ಗಂಟೆಯ ಗಿಡ್ಡ ಸಿಗಾರ್: ಸುತ್ತಿದವರ ಕೈ ಗೊತ್ತಾಗುವುದು ಇದರಲ್ಲೇ ಅಂತ ನನ್ನ ವಾದ

ಬಸವನಗುಡಿ ಬೆಂಚು:

ಸಿಗಾರ್ ಅಂದ ಕೂಡಲೇ ನಮ್ಮವರ ಕಣ್ಣಮುಂದೆ ಬರುವುದು ಹಳೇ ಸಿನಿಮಾದ ವಿಲನ್ ಕಚ್ಚಿಕೊಂಡಿರುವ ಉದ್ದನೆಯ ದಪ್ಪ ತುಂಡು. ನಾನು ಮಾತಾಡಬೇಕು ಅಂತಿರುವುದು ಅದರ ಬಗ್ಗೆ ಅಲ್ಲ. ನಾಲ್ಕು ಇಂಚಿನ ಆಸುಪಾಸಿನ ಗಿಡ್ಡ ಸಿಗಾರ್ ಬಗ್ಗೆ. ಕ್ಯೂಬಾದವರ ಅಳತೆಯಲ್ಲಿ ಪೆರ್ಲಾ ಅಂದರೆ 102 ಮಿ.ಮೀ. ಉದ್ದ, 40 ರಿಂಗ್ ದಪ್ಪ. ಮಿನುಟೊ 110ಕ್ಕೆ 42. ಹಾಫ್ ಕೊರೊನಾ ಇನ್ನೂ ಗಿಡ್ಡ, 90ಕ್ಕೆ 44. ಒಂದು ರಿಂಗ್ ಅಂದರೆ ಇಂಚಿನ 64ರಲ್ಲಿ ಒಂದು ಪಾಲು. 42 ರಿಂಗ್‌ನ ಅಡ್ಡಳತೆ ಸುಮಾರು 16.7 ಮಿ.ಮೀ. 50 ರಿಂಗ್ ಆದರೆ ಹತ್ತಿರ ಹತ್ತಿರ 20.

ನನ್ನ ವಾದ ಇಷ್ಟೆ. ಸುತ್ತಿದವರ ಕೈ ಎಷ್ಟು ಪಳಗಿದೆ ಅಂತ ತಿಳಿಯಬೇಕಾದರೆ ಗಿಡ್ಡದ್ದನ್ನೇ ನೋಡಬೇಕು. ಉದ್ದದ್ದರಲ್ಲಿ ಮೊದಲ ಇಂಚು ಸಪ್ಪೆಯಾದರೂ ನಡೆಯುತ್ತದೆ, ಮುಂದೆ ದಾರಿಗೆ ಬರಬಹುದು. ಗಿಡ್ಡದ್ದಕ್ಕೆ ಆ ಪುರುಸೊತ್ತು ಇಲ್ಲ. ಎರಡನೇ ಮೂರನೇ ಎಳೆತಕ್ಕೇ ರುಚಿ ಬಂದುಬಿಡಬೇಕು.

ಒಳಗೆ ಏನಿದೆ ನೋಡಿ. ನಡುವೆ ಫಿಲ್ಲರ್, ಅದನ್ನು ಹಿಡಿದಿಡಲು ಬೈಂಡರ್, ಎಲ್ಲಕ್ಕೂ ಮೇಲೆ ರ‍್ಯಾಪರ್. ಫಿಲ್ಲರ್‌ನಲ್ಲೂ ಮೂರು ಥರದ ಎಲೆ. ಗಿಡದ ಮೇಲ್ತುದಿಯ ಎಲೆ ಲಿಗೆರೊ. ಖಾರ ಇದರದ್ದೇ, ಉರಿಯುವುದು ನಿಧಾನ. ನಡುವಿನ ಎಲೆ ಸೆಕೊ, ಪರಿಮಳಕ್ಕೆ. ಕೆಳಗಿನದು ವೊಲಾಡೊ, ಬೆಂಕಿ ಆರದಂತೆ ನೋಡಿಕೊಳ್ಳುವುದು ಅದರ ಕೆಲಸ. ಲಿಗೆರೊ ನಟ್ಟನಡುವೆ ಕೂರಬೇಕು. ಪಕ್ಕಕ್ಕೆ ಸರಿದರೆ ಒಂದು ಬದಿ ಉರಿಯದೆ ನಿಲ್ಲುತ್ತದೆ, ಇನ್ನೊಂದು ಬದಿ ಓಡುತ್ತದೆ. 90 ಮಿ.ಮೀ.ನಲ್ಲಿ ಅದನ್ನು ಸರಿಪಡಿಸಲು ಜಾಗ ಎಲ್ಲಿದೆ?

ಕೈಗೆ ಬಂದ ಕೂಡಲೇ ಹಚ್ಚಬೇಡಿ. ಕಿಟಕಿ ಬೆಳಕಿಗೆ ಹಿಡಿಯಿರಿ. ರ‍್ಯಾಪರ್ ಅನ್ನುವುದು ನಡುನರ ತೆಗೆದ ಅರ್ಧ ಎಲೆ. ಚವೆಟಾ ಅಂತ ಹಿಡಿ ಇಲ್ಲದ ಅರ್ಧಚಂದ್ರದ ಬ್ಲೇಡ್ ಇರುತ್ತದೆ. ಅದರಲ್ಲಿ ಅಂಚು ಕತ್ತರಿಸಿ, ಹಚ್ಚುವ ತುದಿಯಿಂದ ಓರೆಯಾಗಿ ಸುತ್ತುತ್ತಾ ತಲೆಯ, ಅಂದರೆ ಬಾಯಿಗಿಡುವ ತುದಿಯ ಕಡೆಗೆ ಹೋಗುತ್ತಾರೆ. ಎಡ ಅರ್ಧವಾದರೆ ಒಂದು ದಿಕ್ಕಿಗೆ, ಬಲ ಅರ್ಧವಾದರೆ ಅದರ ಎದುರು ದಿಕ್ಕಿಗೆ. ಆಗ ಸಣ್ಣ ನರಗಳು ಸಿಗಾರಿನ ಉದ್ದಕ್ಕೆ ಮಲಗುತ್ತವೆ, ಅಡ್ಡ ಬರುವುದಿಲ್ಲ. ಸುತ್ತುಗಳ ನಡುವಿನ ಅಂತರ ಒಂದೇ ಸಮ ಇದೆಯಾ ನೋಡಿ. ಆಮೇಲೆ ತಲೆ ನೋಡಿ. ಕ್ಯೂಬಾ ಪದ್ಧತಿಯಲ್ಲಿ ಕ್ಯಾಪ್, ಅಂದರೆ ತಲೆ ಮುಚ್ಚುವ ಎಲೆ, ಮೂರು ಸುತ್ತು. ಕೂದಲೆಳೆಯಂಥ ಗೆರೆಗಳನ್ನು ಎಣಿಸಬಹುದು. ಕತ್ತರಿಸುವಾಗ ಕೊನೆ ಗೆರೆ ದಾಟಬಾರದು. ಎರಡು ಮಿ.ಮೀ. ಸಾಕು. ದಾಟಿದರೆ ರ‍್ಯಾಪರ್ ಬಿಚ್ಚಿಕೊಳ್ಳುತ್ತದೆ, ಅರ್ಧ ಗಂಟೆ ಬಾಯಿಂದ ಎಲೆ ಉಗುಳುತ್ತಾ ಕೂರಬೇಕು.

ಕತ್ತರಿಸಿದ ಮೇಲೆ ಬೆಂಕಿ ಇಲ್ಲದೆ ಒಮ್ಮೆ ಎಳೆಯಿರಿ. ಒಣಹುಲ್ಲು, ಒಣದ್ರಾಕ್ಷಿ, ಮರದ ಪೆಟ್ಟಿಗೆ ತೆರೆದಾಗಿನ ವಾಸನೆ. ಏನೂ ಬರದೆ ಬರೀ ಗಾಳಿ ಬಂದರೆ ಒಳಗೆ ಎಲೆ ಕಮ್ಮಿ ಹಾಕಿದ್ದಾರೆ ಅಂತ ಲೆಕ್ಕ.

ನೀವೇನಂತೀರಿ?

ಕೋರಮಂಗಲ ಕೀಲಿಮಣೆ:

ಸರ್, ನಾನು ಹೊಸಬ. ಪಾನ್ ಅಂಗಡಿಯಲ್ಲಿ ಸಣ್ಣ ಡಬ್ಬಿಯಲ್ಲಿ ಬರುತ್ತದಲ್ಲ, ಬೆರಳು ಗಾತ್ರದ್ದು, ವೆನಿಲಾ ವಾಸನೆಯದ್ದು. ಅದೂ ಗಿಡ್ಡ ಸಿಗಾರೇ ಅಲ್ವಾ?

ಬಸವನಗುಡಿ ಬೆಂಚು:

ಅಲ್ಲ ಗುರು. ಅದು ಸಿಗರಿಲೊ. ಯಂತ್ರದಲ್ಲಿ ಮಾಡಿದ್ದು. ಒಳಗೆ ಪುಡಿ ಪುಡಿ ಚೂರು ಎಲೆ. ಎಷ್ಟೋ ಸಲ ಹೊರಗಿನ ಹೊದಿಕೆಯೂ ನಿಜವಾದ ಎಲೆ ಇರುವುದಿಲ್ಲ. ತಂಬಾಕಿನ ಪುಡಿಯನ್ನು ಕಾಗದದ ಹಾಳೆ ಮಾಡಿದ ಹಾಗೆ ಮಾಡಿ ಸುತ್ತಿರುತ್ತಾರೆ. ನಾನು ಹೇಳುತ್ತಿರುವುದರಲ್ಲಿ ಫಿಲ್ಲರ್ ಎಲೆ ಈ ತುದಿಯಿಂದ ಆ ತುದಿವರೆಗೆ ಇಡಿಯಾಗಿ ಇರುತ್ತದೆ. ಅದಕ್ಕೇ ಬೂದಿ ಒಂದು ಇಂಚಿನವರೆಗೆ ಉದುರದೆ ನಿಲ್ಲುತ್ತದೆ. ಸಿಗರಿಲೊ ಬೂದಿ ನಿಮ್ಮ ಕೀಬೋರ್ಡ್ ಮೇಲೆ ಉದುರಿರುತ್ತದೆ, ನೋಡಿಕೊಳ್ಳಿ.

ಮಲ್ಲೇಶ್ವರಂ ಎಂಟನೇ ಕ್ರಾಸ್:

ವಾದ ಚೆನ್ನಾಗಿದೆ, ನಾನು ಒಪ್ಪುವುದಿಲ್ಲ. ಗಿಡ್ಡ ಸಿಗಾರ್ ಅಂದರೆ ಟ್ರೇಲರ್ ನೋಡಿ ಎದ್ದು ಬಂದ ಹಾಗೆ. ಒಳ್ಳೇ ಸಿಗಾರಿನ ಮಜಾ ಇರುವುದು ಅದು ಬದಲಾಗುವುದರಲ್ಲಿ. ಮೊದಲ ಭಾಗ ಒಂದು ಥರ, ನಡುಭಾಗ ಇನ್ನೊಂದು, ಕೊನೆ ಮತ್ತೊಂದು. ಕ್ಯೂಬಾದ ಪಾರ್ಟಗಾಸ್ ಬ್ರ್ಯಾಂಡಿನ ಸೀರಿ ಡಿ ನಂ. 4 ತಗೊಳ್ಳಿ. ರೊಬುಸ್ಟೊ ಅನ್ನುವ ಅಳತೆ, 124 ಮಿ.ಮೀ., 50 ರಿಂಗ್. ಮುಕ್ಕಾಲು ಗಂಟೆ ಆದಮೇಲೆ ಅದರ ನಿಜವಾದ ಗುಣ ಬರುತ್ತದೆ. ನಿಮ್ಮ ಹಾಫ್ ಕೊರೊನಾ ಅಷ್ಟು ಹೊತ್ತಿಗೆ ಬೂದಿಬಟ್ಟಲಲ್ಲಿ ಇರುತ್ತದೆ.

ಇನ್ನೊಂದು ವಿಷಯ, ಬಿಸಿ. ಹೊಗೆ ತಣ್ಣಗಾಗಲು ಉದ್ದ ಬೇಕು. ಗಿಡ್ಡದ್ದರಲ್ಲಿ ಬೆಂಕಿ ಮೂಗಿನ ಕೆಳಗೇ ಇರುತ್ತದೆ.

ಬಸವನಗುಡಿ ಬೆಂಚು:

ಬಿಸಿ ವಿಷಯ ನಿಜ. ಆದರೆ ಅದು ಸಿಗಾರಿನ ತಪ್ಪಲ್ಲ, ಎಳೆಯುವವರ ಅವಸರ. ನಿಮಿಷಕ್ಕೆ ಒಂದು ಎಳೆತ ಅಂತ ಎಲ್ಲರೂ ಹೇಳುತ್ತಾರೆ. ಗಿಡ್ಡದ್ದಕ್ಕೆ ಇನ್ನೂ ನಿಧಾನ ಇರಲಿ. ಬೆರಳಿಗೆ ಬಿಸಿ ಗೊತ್ತಾದರೆ ಕೆಳಗಿಟ್ಟು ಮಾತಾಡಿ.

ಇನ್ನು ರುಚಿಯ ಲೆಕ್ಕ. 42 ರಿಂಗ್‌ನಿಂದ 50ಕ್ಕೆ ಹೋದರೆ ಸುತ್ತಳತೆ ಶೇ. 19ರಷ್ಟು ಹೆಚ್ಚುತ್ತದೆ. ಒಳಗಿನ ಜಾಗ ಶೇ. 40ಕ್ಕೂ ಜಾಸ್ತಿ ಹೆಚ್ಚುತ್ತದೆ. ಅಂದರೆ ದಪ್ಪ ಆದಷ್ಟೂ ಫಿಲ್ಲರ್ ಮಾತಾಡುತ್ತದೆ, ರ‍್ಯಾಪರ್ ಹಿಂದೆ ಸರಿಯುತ್ತದೆ. ಎಲೆಗಳಲ್ಲೆಲ್ಲ ಅತಿ ದುಬಾರಿ ರ‍್ಯಾಪರ್ ಎಲೆಯೇ. ನೆರಳುಬಟ್ಟೆ ಕಟ್ಟಿ, ಒಂದು ತೂತು ಬೀಳದ ಹಾಗೆ ಬೆಳೆಸಿದ್ದು. ಅದರ ರುಚಿ ಸಿಗಬೇಕಾದರೆ ಸಣ್ಣ ಮಿನುಟೊ ಸರಿ. ಪಾರ್ಟಗಾಸ್ ಇಷ್ಟ ಅಂದಿರಲ್ಲ, ಅದೇ ಮನೆಯ ಶಾರ್ಟ್ಸ್ ಒಮ್ಮೆ ಸೇದಿ. 110ಕ್ಕೆ 42. ಮೊದಲ ಎಳೆತಕ್ಕೇ ಕಾಳುಮೆಣಸು. ನಿಮ್ಮ ಮುಕ್ಕಾಲು ಗಂಟೆ ಕಾಯುವ ಗೋಳು ಇಲ್ಲ.

ಹುಣಸೂರು ಕಡೆಯವ:

ಇಲ್ಲಿ ಎಲೆ ಬಗ್ಗೆ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ. ನಾನು ಸೇದುವುದಿಲ್ಲ. ಮನೆಯಲ್ಲಿ ತಂಬಾಕು ಬೆಳೆಯುತ್ತಾರೆ. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬಂದರೆ ರಸ್ತೆ ಪಕ್ಕದಲ್ಲಿ ಸೊಪ್ಪು ಒಣಗಿಸುವ ಎತ್ತರದ ಬ್ಯಾರನ್‌ಗಳು ಕಾಣುತ್ತವೆ. ನಮ್ಮದು ವರ್ಜೀನಿಯಾ, ಸಿಗರೇಟಿಗೆ ಹೋಗುವುದು. ಸಿಗಾರಿಗೆ ಆಗುವುದಿಲ್ಲ. ಯಾಕೆ ಅಂತ ಬೆಂಗಳೂರಿನವರಿಗೆ ಗೊತ್ತಿರಲಿಕ್ಕಿಲ್ಲ.

ನಾವು ಸೊಪ್ಪು ಮುರಿಯುವುದು ಕೆಳಗಿನಿಂದ, ಹಣ್ಣಾದ ಹಾಗೆ. ಕಡ್ಡಿಗೆ ಕಟ್ಟಿ ಬ್ಯಾರನ್‌ನಲ್ಲಿ ಏರಿಸುತ್ತೇವೆ. ಹೊರಗೆ ಒಲೆ, ಒಳಗೆ ಕೊಳವೆಯಲ್ಲಿ ಬಿಸಿ ಹರಿಯುತ್ತದೆ. ವಾರದೊಳಗೆ ಬೇಯಿಸಿ ಮುಗಿಸಬೇಕು. ಎಲೆ ಹಳದಿ ಆಗಿದ್ದಾಗಲೇ ಒಣಗಿಬಿಟ್ಟರೆ ಒಳಗಿನ ಸಕ್ಕರೆ ಹಾಗೇ ಉಳಿಯುತ್ತದೆ. ಆ ಹಳದಿಗೇ ಹರಾಜಿನಲ್ಲಿ ರೇಟು. ಒಲೆ ಉರಿ ಹೆಚ್ಚು ಕಮ್ಮಿ ಆದರೆ ಬಣ್ಣ ಹೋಯಿತು, ವರ್ಷದ ದುಡ್ಡೂ ಹೋಯಿತು. ರಾತ್ರಿಯೆಲ್ಲ ಎದ್ದು ಥರ್ಮಾಮೀಟರ್ ನೋಡುತ್ತಾರೆ.

ಸಿಗಾರ್ ಎಲೆಗೆ ಒಲೆಯೇ ಇಲ್ಲ. ಗಾಳಿಯಲ್ಲಿ ವಾರಗಟ್ಟಲೆ ತೂಗುಹಾಕುತ್ತಾರೆ. ನಿಧಾನಕ್ಕೆ ಸಾಯುವಾಗ ಎಲೆ ತನ್ನ ಸಕ್ಕರೆಯನ್ನು ತಾನೇ ತಿಂದು ಕಂದು ಬಣ್ಣಕ್ಕೆ ಬರುತ್ತದೆ. ಆಮೇಲೆ ರಾಶಿ ಹಾಕಿ ಹುದುಗು ಬರಿಸುತ್ತಾರೆ. ನಡುವಿನ ಬಿಸಿ ಏರಿದಾಗ ರಾಶಿ ಒಡೆದು, ಒಳಗಿನದು ಹೊರಗೆ, ಹೊರಗಿನದು ಒಳಗೆ. ಆಗ ಅಮೋನಿಯಾ ಘಾಟು ಹೊರಬೀಳುತ್ತದೆ. ಘಾಟು ಪೂರ್ತಿ ಹೋಗದ ಎಲೆಯಲ್ಲಿ ಸುತ್ತಿದ ಸಿಗಾರ್ ಗಂಟಲಿಗೆ ಹತ್ತುತ್ತದೆ.

2022ರ ಸೆಪ್ಟೆಂಬರ್‌ನಲ್ಲಿ ಇಯಾನ್ ಚಂಡಮಾರುತ ಕ್ಯೂಬಾದ ಪಿನಾರ್ ದೆಲ್ ರಿಯೊದಲ್ಲಿ ಎಲೆ ಒಣಗಿಸುವ ಮನೆಗಳನ್ನು ಸಾಲು ಸಾಲಾಗಿ ಮಲಗಿಸಿತು. ಆ ಫೋಟೊ ನೋಡಿ ನಮ್ಮ ಮನೆಯವರೆಲ್ಲ ಸುಮ್ನೆ ಕೂತುಬಿಟ್ಟರು. ರುಚಿ ಬಗ್ಗೆ ನೀವು ಮಾತಾಡಿ. ಬ್ಯಾರನ್ ಬಿದ್ದರೆ ಏನು ಅಂತ ನಮಗೆ ಗೊತ್ತು.

ಬಸವನಗುಡಿ ಬೆಂಚು:

ಅಣ್ಣ, ಈ ಚರ್ಚೆಯಲ್ಲಿ ಇದುವರೆಗೆ ಬಂದ ಅತಿ ಒಳ್ಳೇ ಬರಹ ನಿಮ್ಮದು. ಒಂದು ಕೇಳಬೇಕು. ಸೊಪ್ಪು ಕಟ್ಟುವಾಗ ಮನೆಯಲ್ಲಿ ಏನು ನಡೆಯುತ್ತದೆ? ಹಾಡು, ಮಾತು?

ಹುಣಸೂರು ಕಡೆಯವ:

ಮೊದಲು ರೇಡಿಯೊ, ಈಗ ಮೊಬೈಲ್. ಸೊಸೈಟಿ ಚುನಾವಣೆ ಇದ್ದರೆ ಜಗಳ. ಯಾಕೆ?

ಬಸವನಗುಡಿ ಬೆಂಚು:

ಹವಾನಾದ ಕಾರ್ಖಾನೆಗಳಲ್ಲಿ ಸಿಗಾರ್ ಸುತ್ತುವವರಿಗೆ ಓದಿ ಹೇಳಲು ಒಬ್ಬರು ಇರುತ್ತಾರೆ. ಲೆಕ್ಟರ್ ಅಂತ. 1865ರಿಂದ ಇರುವ ಪದ್ಧತಿ. ಮೊದಲು ಪತ್ರಿಕೆ, ಆಮೇಲೆ ಕಾದಂಬರಿ. ಆಗ ಸಂಬಳ ಕೊಡುತ್ತಿದ್ದುದು ಮಾಲೀಕರಲ್ಲ, ಸುತ್ತುವವರೇ ತಮ್ಮ ಕೂಲಿಯಿಂದ. ಕೈ ಕೆಲಸ ಮಾಡುತ್ತದೆ, ಕಿವಿ ಖಾಲಿ ಇದೆ, ಕಥೆ ಕೇಳೋಣ ಅಂತ. ಎತ್ತರದ ಕುರ್ಚಿಯಲ್ಲಿ ಕೂತು ಓದಿದ್ದು ಇಷ್ಟವಾದರೆ ಚಪ್ಪಾಳೆ ಬದಲು ಚವೆಟಾವನ್ನು ಹಲಗೆಗೆ ಬಡಿಯುತ್ತಾರೆ.

ಜಯನಗರ ತಾರಸಿ:

ಗಂಡಸರೆಲ್ಲ ರಿಂಗ್ ಲೆಕ್ಕ ಹಾಕಿದ್ದು ಮುಗಿದಿದ್ದರೆ ಬೆಂಗಳೂರಿನ ನಿಜವಾದ ತೊಂದರೆಗೆ ಬರೋಣ. ಇಟ್ಟುಕೊಳ್ಳುವುದು ಹೇಗೆ?

ಸಿಗಾರಿಗೆ ಬೇಕಾದ ತೇವ ಶೇ. 65ರಿಂದ 70. ನಮ್ಮೂರಲ್ಲಿ ಮಾರ್ಚ್ ಮಧ್ಯಾಹ್ನದ ಗಾಳಿ ಹಪ್ಪಳ ಒಣಗಿಸಲು ಸರಿ. ಆಗಸ್ಟ್‌ನಲ್ಲಿ ಬಟ್ಟೆಯೇ ಒಣಗುವುದಿಲ್ಲ. ಈ ಒಣಗಾಳಿ, ಆ ತೇವ ಎರಡಕ್ಕೂ ಗಿಡ್ಡ, ಸಣ್ಣ ಸಿಗಾರ್ ಬೇಗ ಬಲಿ. ದಪ್ಪದ್ದು ಒಂದು ವಾರ ತಡೆಯುವ ಕಡೆ ಪೆರ್ಲಾ ತಡೆಯುವುದಿಲ್ಲ.

ದುಬಾರಿ ಮರದ ಪೆಟ್ಟಿಗೆ ಬೇಡ. ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬಿ, ಒಳಗೆ ತೇವವನ್ನು ಶೇ. 65ಕ್ಕೆ ಹಿಡಿದಿಡುವ ಬೊವೆಡಾ ಪ್ಯಾಕೆಟ್, ತೇವ ಅಳೆಯಲು ಒಂದು ಸಣ್ಣ ಡಿಜಿಟಲ್ ಹೈಗ್ರೊಮೀಟರ್. ಮೀಟರ್ ಸುಳ್ಳು ಹೇಳುತ್ತಿದೆಯಾ ಅಂತ ಮನೆಯಲ್ಲೇ ಪರೀಕ್ಷೆ ಮಾಡಬಹುದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಗಂಜಿಯಷ್ಟು ದಪ್ಪಗೆ ನೀರು ಬೆರೆಸಿ, ಮೀಟರ್ ಜತೆ ಗಾಳಿಯಾಡದ ಡಬ್ಬಿಯಲ್ಲಿ ಇಡೀ ದಿನ ಇಡಿ. 75 ತೋರಿಸಬೇಕು. 71 ತೋರಿಸಿದರೆ ನಾಲ್ಕು ಸೇರಿಸಿಕೊಂಡು ಓದಿ.

ಪೆಟ್ಟಿಗೆಗೆ ಬಳಸುವ ಸ್ಪ್ಯಾನಿಷ್ ಸೀಡರ್ ನಿಜವಾಗಿ ಸೀಡರ್ ಅಲ್ಲವೇ ಅಲ್ಲ. ನಮ್ಮ ಮಲೆನಾಡಿನ ಗಂಧಗರಿಗೆ ಮರದ ಹತ್ತಿರದ ನೆಂಟ, ಬೇವಿನ ಕುಟುಂಬದ್ದು.

ಹುಳು ಬಗ್ಗೆಯೂ ಹೇಳುತ್ತೇನೆ. ಅಡುಗೆಮನೆಯ ಅರಿಶಿನ, ಒಣಮೆಣಸಿನಕಾಯಿಯಲ್ಲಿ ಸಣ್ಣ ಕಂದು ಹುಳು ಬರುತ್ತದಲ್ಲ, ತಂಬಾಕಿನದ್ದೂ ಅದೇ ಹುಳು. 25 ಡಿಗ್ರಿ ದಾಟಿದರೆ ಮೊಟ್ಟೆ ಒಡೆಯುತ್ತದೆ. ಏಪ್ರಿಲ್‌ನಲ್ಲಿ ನಮ್ಮ ಮನೆಗಳು 30ರ ಮೇಲೆಯೇ ಇರುತ್ತವೆ. ಹೊಸದಾಗಿ ತಂದದ್ದನ್ನು ಎರಡು ಜಿಪ್ ಚೀಲದಲ್ಲಿ ಹಾಕಿ ಕೆಲವು ದಿನ ಫ್ರೀಜರ್‌ನಲ್ಲಿಡಿ. ಆಮೇಲೆ ಒಂದು ದಿನ ಫ್ರಿಜ್‌ನಲ್ಲಿ, ಆಮೇಲೆ ಹೊರಗೆ. ನೇರ ಹೊರಗೆ ತೆಗೆದರೆ ರ‍್ಯಾಪರ್ ಸೀಳುತ್ತದೆ. ಅತ್ತೆ ಕೇಳಿದರೆ ಏನು ಹೇಳಬೇಕು ಅನ್ನುವುದು ನಿಮಗೆ ಬಿಟ್ಟಿದ್ದು.

ಕೋರಮಂಗಲ ಕೀಲಿಮಣೆ:

ಮೇಡಂ, ಅಂಗಡಿಯಲ್ಲಿ ಕೊಂಡರೆ ಸರಿಯಾಗಿ ಇಟ್ಟಿರುತ್ತಾರಾ?

ಜಯನಗರ ತಾರಸಿ:

ಕೆಲವರು ಇಡುತ್ತಾರೆ. ಎಂ.ಜಿ. ರಸ್ತೆ ಆಸುಪಾಸಿನ ಒಂದು ಅಂಗಡಿಯಲ್ಲಿ ನನಗೆ ಕೊಟ್ಟದ್ದನ್ನು ಕಿವಿ ಹತ್ತಿರ ಹಿಡಿದು ಮೆಲ್ಲಗೆ ಒತ್ತಿದರೆ ಚಕ್ಕುಲಿ ಸದ್ದು. ಗಾಜಿನ ಕಪಾಟಿನ ಲೈಟ್ ಕೆಳಗೆ ಬಿಸಿಯಲ್ಲಿ ಕೂತಿತ್ತು. ಒತ್ತಿದರೆ ಸ್ವಲ್ಪ ಒಳಗೆ ಹೋಗಿ ಮತ್ತೆ ಮೊದಲಿನಂತಾಗಬೇಕು, ಸದ್ದು ಬರಬಾರದು.

ಕ್ಯೂಬಾದ್ದು ಅಂತ ಕಮ್ಮಿಗೆ ಸಿಕ್ಕರೆ ಅನುಮಾನ ಇರಲಿ. ಗಾಜಿನ ಮುಚ್ಚಳದ ಪೆಟ್ಟಿಗೆಯಲ್ಲಿ ಕೊಹಿಬಾ ತೋರಿಸಿದರೆ ಎದ್ದು ಬನ್ನಿ, ಅಂಥದ್ದನ್ನು ಅವರು ಮಾಡುವುದೇ ಇಲ್ಲ. 2022ರಲ್ಲಿ ಕೊಹಿಬಾ, ಟ್ರಿನಿಡಾಡ್ ಬ್ರ್ಯಾಂಡುಗಳ ಬೆಲೆಯನ್ನು ಪ್ರಪಂಚದಾದ್ಯಂತ ಏರಿಸಿದ ಮೇಲೆ ನಕಲಿ ಇನ್ನೂ ಜಾಸ್ತಿ. ವಿದೇಶದಿಂದ ಬರುವ ನೆಂಟರು ಇದ್ದರೆ ಅವರಿಗೆ ಹೇಳಿ. ಕಸ್ಟಮ್ಸ್‌ನಲ್ಲಿ 25 ಸಿಗಾರ್‌ವರೆಗೆ ಸುಂಕ ಇಲ್ಲ. ಇಲ್ಲದಿದ್ದರೆ ನಿಕರಾಗುವಾದ ಎಸ್ತೆಲಿ ಕಡೆಯದ್ದು ನೋಡಿ. ಕೆಲಸ ಅಚ್ಚುಕಟ್ಟು, ಎಳೆತ ನಂಬಬಹುದು. ನನಗೆ ಕೇಳಿದರೆ ಕ್ಯೂಬಾದ್ದಕ್ಕಿಂತ ಅದೇ ವಾಸಿ.

ಡಾಕ್ಟರಮ್ಮ, ವಿಜಯನಗರ:

ಮಧ್ಯೆ ಬರುತ್ತಿರುವುದಕ್ಕೆ ಬೈಯಬೇಡಿ. ಹುಣಸೂರಿನವರು ಹೇಳಿದ ಸಕ್ಕರೆ ವಿಷಯವನ್ನೇ ಮುಂದುವರಿಸುತ್ತೇನೆ. ಸಕ್ಕರೆ ಉಳಿದ ಎಲೆಯ ಹೊಗೆ ಆಮ್ಲೀಯ. ಅದರ ನಿಕೋಟಿನ್ ರಕ್ತಕ್ಕೆ ಸೇರಲು ಹೊಗೆ ಶ್ವಾಸಕೋಶಕ್ಕೆ ಹೋಗಬೇಕು. ಗಾಳಿಯಲ್ಲಿ ಒಣಗಿದ ಸಿಗಾರ್ ಎಲೆಯ ಹೊಗೆ ಕ್ಷಾರೀಯ. ಅದರ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ಹೀರಿಕೊಳ್ಳುತ್ತದೆ. ಹಾಗಾಗಿ ‘ನಾವು ಹೊಗೆ ಒಳಗೆ ಎಳೆಯುವುದಿಲ್ಲ, ಬರೀ ರುಚಿ ನೋಡುತ್ತೇವೆ’ ಅನ್ನುವುದು ಅರ್ಧ ಸಮಾಧಾನ ಮಾತ್ರ. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಅಪಾಯ ಇದ್ದೇ ಇದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 1998ರಲ್ಲೇ ಸಿಗಾರ್ ಬಗ್ಗೆ ಒಂದು ಇಡೀ ವರದಿ ಪ್ರಕಟಿಸಿದೆ. ದೊಡ್ಡ ಸಿಗಾರಿನಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ನಿಮ್ಮ ಗಿಡ್ಡದ್ದರಲ್ಲೂ ಹಲವು ಸಿಗರೇಟಿನಷ್ಟು ಇರುತ್ತದೆ.

ಆಂಧ್ರದ ಕರಾವಳಿಯಲ್ಲಿ ಕೆಲವು ಹೆಂಗಸರು ಚುಟ್ಟದ ಉರಿಯುವ ತುದಿಯನ್ನೇ ಬಾಯೊಳಗೆ ಇಟ್ಟು ಸೇದುವ ಅಭ್ಯಾಸ ಇತ್ತು. ಅವರ ಅಂಗುಳಿನ ಕ್ಯಾನ್ಸರ್ ವೈದ್ಯಪುಸ್ತಕಗಳಲ್ಲಿ ಬಂದಿದೆ. ಬಾಯಲ್ಲಿ ಎರಡು ಮೂರು ವಾರ ಮಾಯದ ಬಿಳಿ ಮಚ್ಚೆ, ಹುಣ್ಣು ಇದ್ದರೆ ತೋರಿಸಿ. ಮುಂದುವರಿಸಿ.

ಬಸವನಗುಡಿ ಬೆಂಚು:

ಮೇಡಂ, ಬೈಯುವುದು ಯಾಕೆ? ಇದು ಇರಬೇಕಾದ ಮಾತು. ದಿನಾ ಸೇದುವವರ ಬಗ್ಗೆ ನನಗೂ ಒಳ್ಳೇ ಅಭಿಪ್ರಾಯ ಇಲ್ಲ. ಅವರಿಗೆ ರುಚಿಯೂ ಗೊತ್ತಾಗುವುದಿಲ್ಲ.

ಮಲ್ಲೇಶ್ವರಂ ಎಂಟನೇ ಕ್ರಾಸ್:

ಜತೆಗೆ ಏನು ಕುಡಿಯುತ್ತೀರಿ ಎಲ್ಲರೂ? ನಾನು ಅಮೃತ್ ಸಿಂಗಲ್ ಮಾಲ್ಟ್. ಊರಿನದ್ದೇ. 2004ರಲ್ಲಿ ಮೊದಲು ಮಾರಲು ಶುರು ಮಾಡಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ, ಅಲ್ಲಿಯವರ ಅಂಗಳದಲ್ಲೇ. ಆ ಧೈರ್ಯಕ್ಕೆ ಒಂದು ಪೆಗ್.

ಡಾಕ್ಟರಮ್ಮ, ವಿಜಯನಗರ:

ಮದ್ಯ, ತಂಬಾಕು ಎರಡೂ ಸೇರಿದರೆ ಬಾಯಿ ಕ್ಯಾನ್ಸರ್ ಅಪಾಯ ಬರೀ ಕೂಡುವುದಿಲ್ಲ, ಗುಣಿಸುತ್ತದೆ. ಇನ್ನು ನಾನು ಮಾತಾಡುವುದಿಲ್ಲ.

ಬಸವನಗುಡಿ ಬೆಂಚು:

ನನ್ನದು ಫಿಲ್ಟರ್ ಕಾಫಿ. ಹಾಲು ಹಾಕಿದ್ದಲ್ಲ. ಹಾಲಿನ ಕೆನೆ ನಾಲಿಗೆ ಮೇಲೆ ಕೂತರೆ ರ‍್ಯಾಪರಿನ ನಯವಾದ ರುಚಿ ಮುಚ್ಚಿಹೋಗುತ್ತದೆ. ಗಟ್ಟಿ ಡಿಕಾಕ್ಷನ್‌ಗೆ ಬಿಸಿನೀರು, ಚೂರು ಬೆಲ್ಲ. ಚಿಕೋರಿ ಇಲ್ಲದ ಪುಡಿ. ಚಿಕೋರಿ ಕಹಿ, ಎಲೆಯ ಕಹಿ ಎರಡೂ ಸೇರಿದರೆ ಯಾವುದು ಯಾವುದು ಅಂತ ತಿಳಿಯುವುದಿಲ್ಲ. ಎಚ್. ಉಪ್‌ಮನ್ ಹಾಫ್ ಕೊರೊನಾ ಜತೆ ಇದು ಬಹಳ ಚೆನ್ನ. ನನ್ನ ನಾಲಿಗೆಗೆ ಅದರಲ್ಲಿ ಹುರಿದ ಕಾಫಿ ಬೀಜ, ಮರ, ಕೊನೆಗೆ ಚೂರು ಉಪ್ಪು.

ರುಚಿ ಹಿಡಿಯಬೇಕಾದರೆ ಇನ್ನೊಂದು ಮಾಡಿ. ಬಾಯಲ್ಲಿ ಹೊಗೆ ತುಂಬಿ, ಮುಕ್ಕಾಲು ಪಾಲು ಹೊರಗೆ ಬಿಟ್ಟು, ಉಳಿದ ಸ್ವಲ್ಪವನ್ನು ಮೂಗಿನಿಂದ ಬಿಡಿ. ಶ್ವಾಸಕೋಶಕ್ಕೆ ಎಳೆಯದೆ. ಮೊದಲ ಸಲ ಕಣ್ಣಲ್ಲಿ ನೀರು ಬರುತ್ತದೆ. ನಾಲಿಗೆಗೆ ಸಿಗುವುದು ಉಪ್ಪು, ಹುಳಿ, ಸಿಹಿ, ಕಹಿಯಂಥ ಕೆಲವೇ ರುಚಿ. ಕೋಕೊ, ಚಕ್ಕೆ, ಹಣ್ಣು ಅಂತ ಜನ ಹೇಳುವುದೆಲ್ಲ ಮೂಗಿನ ಕೆಲಸ.

ಕೋರಮಂಗಲ ಕೀಲಿಮಣೆ:

ಕಬ್ಬನ್ ಪಾರ್ಕಲ್ಲಿ ಕೂತು ಸೇದಬಹುದಾ?

ಜಯನಗರ ತಾರಸಿ:

ಬೇಡ ಮಗಾ. ಸಾರ್ವಜನಿಕ ಜಾಗದಲ್ಲಿ ಧೂಮಪಾನಕ್ಕೆ 2008ರ ಅಕ್ಟೋಬರ್ 2ರಿಂದ ದೇಶದಾದ್ಯಂತ ನಿಷೇಧ. ಕರ್ನಾಟಕದಲ್ಲಿ 2025ರ ತಿದ್ದುಪಡಿ ಬಂದ ಮೇಲೆ ದಂಡ 1,000 ರೂಪಾಯಿ. ತಂಬಾಕು ಕೊಳ್ಳಲು 21 ವರ್ಷ ಆಗಿರಬೇಕು. ಸ್ವಂತ ತಾರಸಿ ಇದ್ದರೆ ಪುಣ್ಯವಂತ. ಅಪಾರ್ಟ್‌ಮೆಂಟ್ ಬಾಲ್ಕನಿ ಆದರೆ ಮೇಲಿನ ಮನೆಯವರು ವಾಟ್ಸಾಪ್ ಗುಂಪಿನಲ್ಲಿ ನಿನ್ನ ಫ್ಲ್ಯಾಟ್ ನಂಬರ್ ಹಾಕುತ್ತಾರೆ. ಅವರ ಕಡೆಯೂ ನ್ಯಾಯ ಇದೆ ಅನ್ನು.

ಮಲ್ಲೇಶ್ವರಂ ಎಂಟನೇ ಕ್ರಾಸ್:

ಬೆಂಗಳೂರು, ಸಿಗಾರ್ ಅಂದಮೇಲೆ ಚರ್ಚಿಲ್ ಬರಲಿಲ್ಲವಲ್ಲ ಇನ್ನೂ! 1895ರಲ್ಲಿ ಕ್ಯೂಬಾಕ್ಕೆ ಹೋಗಿದ್ದ, 1896ರಲ್ಲಿ ಸೈನ್ಯದ ಜತೆ ಇಲ್ಲಿಗೆ ಬಂದ. ಬೆಂಗಳೂರು ಕ್ಲಬ್ಬಿನ ಲೆಡ್ಜರಿನಲ್ಲಿ 13 ರೂಪಾಯಿ ಬಾಕಿ ಇನ್ನೂ ಅವನ ಹೆಸರಲ್ಲೇ ಇದೆ. ಅವನ ಹೆಸರಿನ ಅಳತೆ 178 ಮಿ.ಮೀ., 47 ರಿಂಗ್. ಗಿಡ್ಡದ್ದಲ್ಲ, ಗಮನಿಸಿ.

ಬಸವನಗುಡಿ ಬೆಂಚು:

ಬಾಕಿ ಉಳಿಸಿಕೊಂಡವನನ್ನು ನಿಮ್ಮ ಕಡೆ ಸಾಕ್ಷಿಗೆ ಕರೆದಿದ್ದೀರಿ. ಸಂತೋಷ.

ಕೋರಮಂಗಲ ಕೀಲಿಮಣೆ:

ಕೊನೇ ಪ್ರಶ್ನೆ. ಎಲ್ಲಿಯವರೆಗೆ ಸೇದಬೇಕು? ಆರಿಸುವುದು ಹೇಗೆ? ಆ ಕಾಗದದ ಪಟ್ಟಿ ಮೊದಲೇ ತೆಗೆಯಬೇಕಾ?

ಬಸವನಗುಡಿ ಬೆಂಚು:

ಪಟ್ಟಿ ಮೊದಲೇ ಕೀಳಬೇಡ. ಅಂಟು ರ‍್ಯಾಪರಿಗೆ ತಾಗಿದ್ದರೆ ಎಲೆ ಹರಿಯುತ್ತದೆ. ಸ್ವಲ್ಪ ಹೊತ್ತು ಉರಿದು ಬಿಸಿಯಾದ ಮೇಲೆ ಅಂಟು ಸಡಿಲವಾಗಿ ತಾನೇ ಜಾರುತ್ತದೆ. ಹಚ್ಚುವಾಗ ಬ್ಯುಟೇನ್ ಲೈಟರ್. ಪೆಟ್ರೋಲ್ ಲೈಟರ್ ಬೇಡ, ಮೊದಲ ಅರ್ಧ ಇಂಚು ಬಂಕ್ ವಾಸನೆ. ಜ್ವಾಲೆಯನ್ನು ತಾಗಿಸದೆ, ಕೆಳಗೆ ಹಿಡಿದು ತಿರುಗಿಸುತ್ತಾ ಅಂಚೆಲ್ಲ ಕೆಂಪಾದ ಮೇಲೆ ಎಳೆ.

ಆರಿಸುವುದು ಬೇಡ. ಸಿಗರೇಟಿನ ಹಾಗೆ ಒತ್ತಿದರೆ ಮನೆಯೆಲ್ಲ ಕಮಟು. ಬಟ್ಟಲಲ್ಲಿ ಇಟ್ಟುಬಿಡು, ಕೆಲವು ನಿಮಿಷಕ್ಕೆ ತಾನೇ ಆರುತ್ತದೆ. ಎಲ್ಲಿಯವರೆಗೆ ಅಂದರೆ, ತುಟಿಗೆ ಬಿಸಿ ತಾಗಿ ಕಹಿ ಬರುವವರೆಗೆ. ಚೆನ್ನಾಗಿ ಸುತ್ತಿದ ಹಾಫ್ ಕೊರೊನಾ ಬೆರಳಲ್ಲಿ ಹಿಡಿಯಲು ಆಗದಷ್ಟು ಚಿಕ್ಕದಾಗುವವರೆಗೂ ಕಹಿ ಆಗುವುದಿಲ್ಲ. ಶುರು ಮಾಡುವುದಾದರೆ ಅದರಿಂದಲೇ ಮಾಡು, ಊಟ ಆದಮೇಲೆ. ಖಾಲಿ ಹೊಟ್ಟೆಯಲ್ಲಿ ನಿಕೋಟಿನ್ ತಲೆ ತಿರುಗಿಸುತ್ತದೆ. ಐದರ ಟಿನ್ ಬರುತ್ತದೆ, 25ರ ಪೆಟ್ಟಿಗೆ ಬೇಕಿಲ್ಲ.

ಮಲ್ಲೇಶ್ವರಂ ಎಂಟನೇ ಕ್ರಾಸ್:

ನನ್ನ ರೊಬುಸ್ಟೊ ಬಿಡುವ ಮಾತೇ ಇಲ್ಲ. ಆದರೆ ಕೋರಮಂಗಲದವರು ಆ ಟಿನ್ ತರಿಸುವುದಾದರೆ ಒಂದಕ್ಕೆ ನನ್ನ ದುಡ್ಡು ಸೇರಿಸಿಕೊಳ್ಳಿ. ಆ ಉಪ್ಪಿನ ರುಚಿ ನಿಜವಾ ಅಂತ ನೋಡಬೇಕು.